ಒಲೆ ಮುಂದೆ ಯಾರಿದ್ದೀರಿ?

ಬೆಳಗ್ಗೆ ಐದು ಗಂಟೆ ಇಪ್ಪತ್ತು ನಿಮಿಷ. ತಿಪಟೂರಿನ ತುರ್ತು ನಿಗಾ ಕೇಂದ್ರದ ಗೋಡೆಯಗಲದ ಪರದೆಯ ಮೇಲೆ ಸುತ್ತಲ ಮೂವತ್ತೊಂದು ಹಳ್ಳಿಗಳ ನಕ್ಷೆ ಹರಡಿಕೊಂಡಿದೆ. ಅದರ ತುಂಬಾ ಹಸಿರು ಚುಕ್ಕೆಗಳು. ಅವುಗಳಲ್ಲೊಂದು ಇದ್ದಕ್ಕಿದ್ದಂತೆ ಕೆಂಪಾಗಿ ಕುಂಯ್ ಕುಂಯ್ ಎಂದು ಹಟ ಹಿಡಿಯುತ್ತದೆ. ತಲೆಯ ಮೇಲಿನ ದುಪಟ್ಟಾದ ಮೇಲೆಯೇ ಹೆಡ್‌ಫೋನ್ ಸಿಕ್ಕಿಸಿಕೊಂಡಿರುವ ಸುಮಯ್ಯ ಒಂದು ಕೈಯಲ್ಲಿ ಕಣ್ಣುಜ್ಜಿಕೊಂಡು ಇನ್ನೊಂದು ಕೈಯಲ್ಲಿ ಫೋನ್ ಹಚ್ಚುತ್ತಾರೆ.

"ಚಿಕ್ಕಗೌರಮ್ಮಾರೇ, ನೀರು ಕಾಯ್ತಾ?"

"ಈಗ ಉರಿ ಹಾಕ್ದೆ ಕಣವ್ವ. ಮಟ್ಟೆ ಹಸಿ ಐತೆ, ಬರೀ ಹೊಗೆ. ಕಣ್ಣೇ ಬುಡಕ್ಕಾಯ್ತಿಲ್ಲ."

"ಒಲೆ ಮುಂದೆ ಯಾರಿದ್ದೀರಿ?"

"ನಾನೇ ಕುಂತಿವ್ನಿ. ಇನ್ಯಾರು ಕುಂತಾರು, ನಮ್ಮ ಯಜಮಾನ್ರಾ?"

ಸುಮಯ್ಯ ನಗುವುದಿಲ್ಲ, ನಗುವಷ್ಟು ಪುರುಸೊತ್ತಿಲ್ಲ. ಕೀಬೋರ್ಡಿನ ಮೇಲೆ 'ಒಲೆ' ಎಂಬ ಗುಂಡಿ ಒತ್ತುತ್ತಾರೆ. ಚುಕ್ಕೆ ಹಸಿರಾಗುತ್ತದೆ. ಅಷ್ಟರಲ್ಲಿ ಇನ್ನೆರಡು ಕೆಂಪಾಗಿವೆ. ಏಳು ಗಂಟೆಯ ಹೊತ್ತಿಗೆ ಹೀಗೆ ಅರವತ್ತರಿಂದ ಎಪ್ಪತ್ತು ಮನೆಗಳ ಬಚ್ಚಲ ಒಲೆಯನ್ನು ಈ ಕುರ್ಚಿಯಲ್ಲಿ ಕೂತೇ ಅವರು ವಿಚಾರಿಸಿ ಮುಗಿಸಿರುತ್ತಾರೆ. ಚಳಿಗಾಲದಲ್ಲಾದರೆ ಎಂಬತ್ತು ದಾಟುತ್ತದೆ. ಮೂರು ವರ್ಷದಿಂದ ಇದೇ ಕೆಲಸ. ನೇಮಕದ ಕಾಗದದಲ್ಲಿ ಅವರ ಹುದ್ದೆಗೆ ಎರಡು ಸಾಲಿನ ಹೆಸರಿದೆ. ಹಳ್ಳಿಗಳಲ್ಲಿ ಮಾತ್ರ ಅವರು 'ನೀರು ಕಾಯ್ತಾ ಮೇಡಮ್ಮು'.

ಈ ವ್ಯವಸ್ಥೆ ಹುಟ್ಟಿದ್ದು ದೊಡ್ಡ ಊರುಗಳ ಸ್ಮಾರ್ಟ್ ಸಿಟಿಗೆಂದು. ಎಲ್ಲೆಲ್ಲಿ ಹೊಗೆ, ಶಾಖ, ನೀರಿನ ಮಟ್ಟ ಏರುತ್ತದೋ ಅಲ್ಲಿಂದ ಸೆನ್ಸರ್ ಕೂಗಬೇಕು, ಕೂಗಿದ ಕಡೆಗೆ ಡ್ರೋನ್ ಹಾರಿ ಹೋಗಿ ನೋಡಬೇಕು, ನೋಡಿದ್ದು ನಿಜವಾದರೆ ಅಗ್ನಿಶಾಮಕ ದಳ ಹೊರಡಬೇಕು. ಆರು ಮಹಡಿಯ ಕಟ್ಟಡದಲ್ಲಿ ಹೊಗೆ ಕಂಡರೆ ಅದು ಅಪಾಯವೇ, ಎರಡು ಮಾತಿಲ್ಲ. ಅದನ್ನೇ ಪ್ರಾಯೋಗಿಕವಾಗಿ ಈ ಸೀಮೆಗೂ ತಂದರು. ಇಪ್ಪತ್ತಾರು ಕೆರೆಗಳ ತೂಬಿನ ಬಳಿ, ಐವತ್ತೆರಡು ನಾರಿನ ಫ್ಯಾಕ್ಟರಿ ಮತ್ತು ಗೋದಾಮುಗಳಲ್ಲಿ, ಇನ್ನೂರ ಎಂಬತ್ತೆಂಟು ಮನೆಗಳ ಕೊಬ್ಬರಿ ಅಟ್ಟಗಳಲ್ಲಿ ಅಂಗೈಯಗಲದ ಬಿಳಿ ಡಬ್ಬಿಗಳನ್ನು ಬಡಿದು ಹೋದರು. ಕೊಬ್ಬರಿ ಅಟ್ಟಕ್ಕೆ ಬೆಂಕಿ ಬಿದ್ದರೆ ಎಣ್ಣೆಯ ಪೀಪಾಯಿಗೆ ಬಿದ್ದಂತೆಯೇ ಲೆಕ್ಕ. ಹಾಗಾಗಿ ಉದ್ದೇಶದಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಇಲ್ಲಿನ ಮನೆಗಳ ಕಟ್ಟೋಣವೇ ಬೇರೆ. ಕೆಳಗೆ ಬಚ್ಚಲು, ಅದರ ಪಕ್ಕದಲ್ಲಿ ನೀರೊಲೆ, ಮೇಲೆ ಅಟ್ಟ. ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಟಗಟ ಎನ್ನುವ ಕೊಬ್ಬರಿಯಾಗಬೇಕು. ಕೆಳಗಿನ ಒಲೆಯ ಹೊಗೆ ಮೇಲಕ್ಕೆ ಹೋಗುವುದು ಇಲ್ಲಿ ಅಪಾಯವಲ್ಲ, ಅನುಕೂಲ. ಈ ಸಂಗತಿಯನ್ನು ಡಬ್ಬಿ ಮಾಡಿದವರಿಗೆ ಯಾರೂ ಹೇಳಲಿಲ್ಲ. ಮೊದಲ ದಿನ ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಕೇಂದ್ರದ ಪರದೆ ಪೂರ್ತಿ ಕೆಂಪಾಗಿ, ಅಗ್ನಿಶಾಮಕ ದಳದವರು ಮೂರು ಬಚ್ಚಲುಮನೆಗಳ ಬಾಗಿಲಿಗೆ ಗಂಟೆ ಬಾರಿಸಿಕೊಂಡು ಹೋಗಿ, ಬಾಯಿಗೆ ಬಂದಂತೆ ಬೈಸಿಕೊಂಡು ವಾಪಸಾದರು. ಮೊದಲು ಫೋನ್ ಮಾಡಿ ಕೇಳಲು ಒಬ್ಬರು ಬೇಕು ಎಂದು ತೀರ್ಮಾನವಾದದ್ದು ಆಮೇಲೆ.

ಸುಮಯ್ಯನಿಗೆ ಈಗ ನಲವತ್ತಮೂರು. ಈ ಕೆಲಸಕ್ಕೆ ಬರುವ ಮುಂಚೆ ಗ್ಯಾಸ್ ಏಜೆನ್ಸಿಯೊಂದರಲ್ಲಿ ಹನ್ನೊಂದು ವರ್ಷ ಫೋನಿನಲ್ಲಿ ಸಿಲಿಂಡರ್ ಬುಕಿಂಗ್ ತೆಗೆದುಕೊಂಡವರು. ಯಾವ ಊರಿನ ಯಾವ ಮನೆಯಲ್ಲಿ ಎಷ್ಟು ಜನ, ಯಾರ ಮನೆಯಲ್ಲಿ ಸಿಲಿಂಡರ್ ಎಷ್ಟು ದಿನಕ್ಕೆ ಮುಗಿಯುತ್ತದೆ ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಒಂದು ದಿನ ಆ ಕೆಲಸವನ್ನು ರೆಕಾರ್ಡ್ ಮಾಡಿದ ದನಿಯೊಂದು ನುಂಗಿಕೊಂಡಿತು. "ಬುಕಿಂಗ್‌ಗಾಗಿ ಒಂದನ್ನು ಒತ್ತಿ" ಎಂಬ ಆ ಹೆಂಗಸಿನ ದನಿಯನ್ನು ಸುಮಯ್ಯ ಇವತ್ತಿಗೂ ಮರೆತಿಲ್ಲ. "ನನಗಿಂತ ಚೆನ್ನಾಗಿ ಮಾತಾಡ್ತಿದ್ಲು. ಆದ್ರೆ ಮಗಳ ಬಾಣಂತನಕ್ಕೆ ಒಂದು ಸಿಲಿಂಡರ್ ಬೇಗ ಕೊಡ್ಸವ್ವ ಅಂದ್ರೆ ಅವಳಿಗೆ ಎಲ್ಲಿ ಗೊತ್ತಾಗ್ಬೇಕು?" ಎನ್ನುತ್ತಾರೆ. ಕೆಲಸ ಹೋದ ಮೇಲೆ ಗಂಡ ಇನಾಯತುಲ್ಲಾ ಅವರ ಟೈಲರ್ ಅಂಗಡಿಯಲ್ಲಿ ಶಾಲಾ ಸಮವಸ್ತ್ರಗಳಿಗೆ ಕಾಜಾ ಮಾಡಿ ಗುಂಡಿ ಹೊಲಿಯುತ್ತಿದ್ದವರನ್ನು ಹುಡುಕಿಕೊಂಡು ಕೇಂದ್ರದವರೇ ಬಂದರು.

ಬಂದ ಮೊದಲ ದಿನ ಕೈಗೆ ಒಂದು ಹಾಳೆ ಕೊಟ್ಟರು. ಫೋನಿನಲ್ಲಿ ಏನು ಕೇಳಬೇಕು ಎಂಬುದು ಅದರಲ್ಲಿತ್ತು. 'ನಮಸ್ಕಾರ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆಯೇ?'

ಬರೆದವರು ಯಾರೋ, ಯಾವ ಭಾಷೆಯಲ್ಲಿ ಯೋಚಿಸಿ ಬರೆದರೋ. ಮುಂಜಾನೆ ಮುಖ ತೊಳೆಯುವ ಮುಂಚೆ ಒಬ್ಬರ ಮನೆಗೆ ಫೋನ್ ಮಾಡಿ ಹೀಗೆ ಕೇಳಿದರೆ ಅದು ಪ್ರಶ್ನೆಯಲ್ಲ, ಶಾಪ. ಸುಮಯ್ಯ ಎರಡು ದಿನ ಹಾಳೆಯಲ್ಲಿದ್ದಂತೆಯೇ ಕೇಳಿದರು. "ನಿನ್ನ ಬಾಯಿಗೆ ಬೆಂಕಿ ಹಾಕ" ಎಂಬಲ್ಲಿಂದ ಹಿಡಿದು ಅವರು ಕೇಳಿಸಿಕೊಳ್ಳದ ಬೈಗುಳವಿಲ್ಲ. ಒಬ್ಬರು ಪೊಲೀಸ್ ಠಾಣೆಗೇ ಹೋಗಿ, ಯಾರೋ ಹೆಂಗಸು ದಿನಾ ಮನೆ ಹಾಳಾಗಲಿ ಅಂತ ಫೋನ್ ಮಾಡ್ತಾಳೆ ಎಂದು ದೂರು ಕೊಟ್ಟರು. ಮೂರನೇ ದಿನ ಸುಮಯ್ಯ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು. ಹೊಗೆ ಎಲ್ಲಿಂದ ಬರುತ್ತಿದೆ ಎಂದು ತಾನೇ ತಿಳಿಯಬೇಕು? ಅಕ್ಕಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳುವಂತೆ "ನೀರು ಕಾಯ್ತಾ?" ಎಂದರು. ಆ ಕಡೆಯಿಂದ ಬೈಗುಳ ಬರಲಿಲ್ಲ. "ಕಾಯ್ತಾ ಐತೆ, ನಿಮ್ದಾಯ್ತಾ?" ಎಂಬ ಉತ್ತರ ಬಂತು.

ಹಾಗೆಯೇ ಕೀಬೋರ್ಡಿನಲ್ಲಿ ಇದಕ್ಕೆಂದು ಮೊದಲು ಎರಡೇ ಗುಂಡಿಗಳಿದ್ದವು. ಒಂದು 'ನಿಜ', ಇನ್ನೊಂದು 'ಸುಳ್ಳು'. ಅದಕ್ಕೂ ಸುಮಯ್ಯ ತಕರಾರು ತೆಗೆದರು. "ಹೊಗೆ ಸುಳ್ಳಲ್ಲ ಕಣ್ರೀ, ನಿಜವಾದ ಹೊಗೆನೇ. ಒಲೇದು ಅಷ್ಟೇ. ಚಳೀಲಿ ಎದ್ದು ಊದುಗೊಳವೆ ಹಿಡ್ಕೊಂಡು ಕೂತಿರೋರನ್ನ ಸುಳ್ಳು ಅಂತ ಬರ್ಕೊಳ್ಳೋದು ಹೆಂಗೆ?" ಅವರ ಕಾಟ ತಾಳಲಾರದೆ 'ಒಲೆ' ಎಂಬ ಮೂರನೇ ಗುಂಡಿ ಬಂತು. ಇವತ್ತು ಆ ಗುಂಡಿಯ ಮೇಲಿನ ಅಕ್ಷರ ಸವೆದು ಹೋಗಿದೆ.

ಅವರ ದಿನ ನಾಲ್ಕು ಗಂಟೆಗೆ ಶುರುವಾಗುತ್ತದೆ. ತಣ್ಣೀರಿನಲ್ಲಿ ಕೈಕಾಲು ತೊಳೆದು, ನಿನ್ನೆಯ ಚಪಾತಿಯನ್ನು ಡಬ್ಬಿಗೆ ಹಾಕಿಕೊಂಡು, ಗಂಡನ ಸ್ಕೂಟರಿನಲ್ಲಿ ಕೂತು ಬಂದರೆ ಐದಕ್ಕೆ ಹತ್ತು ನಿಮಿಷವಿರುವಾಗ ಕುರ್ಚಿಯಲ್ಲಿರುತ್ತಾರೆ. ಆಜಾನ್ ಕೇಳಿಸಿದಾಗ ಮೂಲೆಯಲ್ಲಿ ಚಾಪೆ ಹಾಸಿಕೊಂಡು ನಮಾಜು ಮುಗಿಸುತ್ತಾರೆ. ಆ ಐದು ನಿಮಿಷ ಹೆಡ್‌ಫೋನ್ ದಯಾನಂದ್ ಕಿವಿಯಲ್ಲಿರುತ್ತದೆ.

ದಯಾನಂದ್ ಡ್ರೋನ್ ಹಾರಿಸುವವರು, ಮೂವತ್ತನಾಲ್ಕರ ಆಸುಪಾಸು, ಮದುವೆ ವಿಡಿಯೊದಿಂದ ಈ ಕೆಲಸಕ್ಕೆ ಬಂದವರು. ತಾರಸಿಯ ಮೇಲೆ ಅವರ ಎರಡು ಡ್ರೋನುಗಳಿವೆ. ಒಂದು ಬ್ಯಾಟರಿಗೆ ಇಪ್ಪತ್ತೆರಡು ನಿಮಿಷದ ಆಯುಸ್ಸು, ಮತ್ತೆ ಚಾರ್ಜ್ ಆಗಲು ಒಂದೂವರೆ ಗಂಟೆ. ಲೆಕ್ಕ ಹಾಕಿದರೆ ಒಲೆ ಹೊತ್ತಿನಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಹಾರಿಸಲಾಗುವುದಿಲ್ಲ. ಡ್ರೋನಿನ ಕ್ಯಾಮೆರಾಕ್ಕೆ ಶಾಖ ಕಾಣುತ್ತದೆ. ಮೇಲಿನಿಂದ ನೋಡಿದರೆ ಪ್ರತಿ ಮನೆಯ ಒಂದು ಮೂಲೆಯಲ್ಲಿ ಕುಂಕುಮದ ಬೊಟ್ಟಿನಂತೆ ಒಲೆ ಹೊಳೆಯುತ್ತದೆ. ಮೂಲೆ ಬಿಟ್ಟು ಸೂರಿನ ನಡುವೆ ಕೆಂಪು ಕಂಡರೆ ಅದು ಬೆಂಕಿಯೇ. ಎಪ್ಪತ್ತು ಮನೆಗಳ ಪೈಕಿ ಆ ನಾಲ್ಕು ಯಾವುವು ಎಂದು ಹೇಳಬೇಕಾದವರು ಸುಮಯ್ಯ. ಫೋನ್ ಎತ್ತದ ಮನೆ, ಎತ್ತಿದರೂ ದನಿ ಸರಿ ಇಲ್ಲದ ಮನೆ, ದಿನಾ ಆರಕ್ಕೆ ಒಲೆ ಹಚ್ಚುವವರು ಐದೂಕಾಲಿಗೇ ಹಚ್ಚಿದ ಮನೆ. "ಅಕ್ಕ ಇಂಥಾ ಕಡೆ ಅಂದ್ರೆ ನಾನು ಯಾಕೆ ಅಂತ ಕೇಳಲ್ಲ, ಎತ್ತಿಬುಡ್ತೀನಿ" ಎನ್ನುತ್ತಾರೆ ದಯಾನಂದ್. ಮೂರು ವರ್ಷದಲ್ಲಿ ನಿಜವಾದ ಬೆಂಕಿ ಹನ್ನೊಂದು. ಅದರಲ್ಲಿ ನಾಲ್ಕು ಈ ಒಲೆ ಹೊತ್ತಿನಲ್ಲೇ ಆದದ್ದು. ನಾಲ್ಕರಲ್ಲಿ ಮೂರನ್ನು ಸುಮಯ್ಯ ಹಿಡಿದರು.

ನಾಲ್ಕನೆಯದರ ಮಾತು ಬಂದರೆ ಅವರು ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತಿಕೊಳ್ಳತೊಡಗುತ್ತಾರೆ.

ಅದು ಎರಡು ವರ್ಷದ ಹಿಂದಿನ ಜನವರಿ. ಹಲ್ಲು ಕಡಿಯುವ ಚಳಿ. ಆವತ್ತು ಎಂಬತ್ತೊಂದು ಚುಕ್ಕೆಗಳು ಕೂಗಿದ್ದವು. ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಕಿಬ್ಬನಹಳ್ಳಿ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ಮಾರಗೊಂಡನಪಾಳ್ಯದ ಬೋರಮ್ಮನ ಮನೆಯದು ಕೂಗಿತು. ಬೋರಮ್ಮ ಮತ್ತು ಮಾಯಣ್ಣ ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಮಾಯಣ್ಣನಿಗೆ ಕಿವಿ ಮಂದ, ಹಾಗಾಗಿ ಫೋನಿರುವುದು ಬೋರಮ್ಮನ ಹತ್ತಿರ.

"ಬೋರಮ್ಮಾರೇ, ನೀರು ಕಾಯ್ತಾ?"

"ಓ, ಕಾಯ್ತು ಕಣವ್ವ. ನಂದು ಸ್ನಾನನೂ ಆಯ್ತು."

ಸುಮಯ್ಯ 'ಒಲೆ' ಒತ್ತಿ ಮುಂದಿನ ಮನೆಗೆ ಹೋದರು. ಒಂಬತ್ತು ಸೆಕೆಂಡಿನ ಮಾತುಕತೆ. ರೆಕಾರ್ಡಿನಲ್ಲಿ ಈಗಲೂ ಇದೆ.

ಬೋರಮ್ಮ ಸುಳ್ಳು ಹೇಳಲಿಲ್ಲ. ಹಿಂದಿನ ದಿನ ಅವರು ತುರುವೇಕೆರೆಯ ಮಗಳ ಮನೆಗೆ ಹೋಗಿ ಅಲ್ಲೇ ಉಳಿದಿದ್ದರು. ಅಲ್ಲಿ ನೀರು ಕಾದಿತ್ತು, ಅಲ್ಲಿ ಸ್ನಾನವೂ ಆಗಿತ್ತು. ದಿನಾ ಕೇಳುವ ಪ್ರಶ್ನೆ, ದಿನಾ ಕೊಡುವ ಉತ್ತರ. ಮೊಬೈಲು ಜೊತೆಗೇ ಊರೂರು ಸುತ್ತುತ್ತದೆ, ಅಟ್ಟದ ಡಬ್ಬಿ ಮನೆಯಲ್ಲೇ ಇರುತ್ತದೆ ಎಂಬುದು ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಇತ್ತ ಮನೆಯಲ್ಲಿ ಅಪರೂಪಕ್ಕೆ ಒಲೆಗೆ ಕೈ ಹಚ್ಚಿದ ಮಾಯಣ್ಣ, ಒಂದೇ ಸಲಕ್ಕೆ ಕೆಲಸ ಮುಗಿಯಲಿ ಎಂದು ಒಲೆಯ ಬಾಯಿ ತುಂಬ ತೆಂಗಿನ ಮಟ್ಟೆ, ಮೇಲೊಂದಿಷ್ಟು ಒಣ ಸೋಗೆ ತುರುಕಿ, ಹಾಲು ಕರೆಯಲು ಕೊಟ್ಟಿಗೆಗೆ ಹೋಗಿಬಿಟ್ಟಿದ್ದರು. ಸೋಗೆಯ ಕಿಡಿ ಅಟ್ಟಕ್ಕೆ ಹಾರಿತು.

ಆರು ಗಂಟೆ ಹನ್ನೊಂದು ನಿಮಿಷಕ್ಕೆ ಅದೇ ಚುಕ್ಕೆ ಮತ್ತೆ ಕೂಗಿತು, ಈ ಸಲ ಶಾಖಕ್ಕೆ. ಸುಮಯ್ಯ "ದಯಾ!" ಎಂದು ಕಿರುಚಿದರು. ಡ್ರೋನ್ ಆರು ನಿಮಿಷದಲ್ಲಿ ಅಲ್ಲಿತ್ತು. ಪರದೆಯಲ್ಲಿ ಸೂರಿನ ನಡುಮಧ್ಯ ಕೆಂಪು. ಅಂಗಳದಲ್ಲಿ ಒಬ್ಬ ಮುದುಕ ಕೊಟ್ಟಿಗೆಯೊಳಕ್ಕೆ ಓಡುವುದು, ಒಂದು ಹಸು ಹೊರಗೆ ಬರುವುದು, ಮುದುಕ ಮತ್ತೆ ಒಳಕ್ಕೆ ಹೋಗುವುದು ಎಲ್ಲ ಸುಮಯ್ಯನಿಗೆ ಕಾಣಿಸುತ್ತಿತ್ತು. ಡ್ರೋನಿನ ಸ್ಪೀಕರಿನಲ್ಲಿ ಅವರು "ಮಾಯಣ್ಣಾರೇ, ಒಳಕ್ಕೆ ಹೋಗ್ಬೇಡಿ, ಆಚೆ ಬನ್ನಿ" ಎಂದು ಕೂಗಿದರು. ಕಿವಿ ಕೇಳಿಸದವರಿಗೆ ಆಕಾಶದಿಂದ ಕೂಗಿದರೇನು, ಪಕ್ಕದಲ್ಲಿ ನಿಂತು ಕೂಗಿದರೇನು. ಆ ಕೂಗು ಕೇಳಿ ಓಡಿ ಬಂದದ್ದು ಪಕ್ಕದ ಮನೆಯ ಕಲ್ಲೇಶ್. ಮಾಯಣ್ಣನನ್ನು ಎಳೆದು ತಂದವರು ಅವರೇ. ಕರು ಉಳಿಯಲಿಲ್ಲ. ಅಟ್ಟದಲ್ಲಿದ್ದ ಹತ್ತು ತಿಂಗಳ ಕಾಯಿ ಉಳಿಯಲಿಲ್ಲ. ಮಾಯಣ್ಣನ ಬಲಗೈ ಮೊಣಕೈವರೆಗೆ ಸುಟ್ಟಿತು. ಇವತ್ತಿಗೂ ಆ ಕೈಯ ಬೆರಳುಗಳು ಮಡಚುವುದಿಲ್ಲ.

ವಿಚಾರಣೆ ನಡೆಯಿತು. 'ಸಿಬ್ಬಂದಿ ನಿಯಮದ ಪ್ರಕಾರವೇ ಕರೆ ಮಾಡಿ ಉತ್ತರ ಪಡೆದಿದ್ದಾರೆ, ಲೋಪವಿಲ್ಲ' ಎಂದು ಕಾಗದ ಬಂತು. ಆ ಕಾಗದ ಓದಿ ಸುಮಯ್ಯನಿಗೆ ಸಮಾಧಾನವಾಗಲಿಲ್ಲ, ಅಳು ಬಂತು. "ಬೈದಿದ್ರೆ ಹಗುರಾಗ್ತಿತ್ತೇನೋ. ಯಾರೂ ಬೈಲಿಲ್ಲ" ಎನ್ನುತ್ತಾರೆ. ಒಂದು ಶುಕ್ರವಾರ ಪಾಳಿ ಮುಗಿಸಿಕೊಂಡು, ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಬೋರಮ್ಮನನ್ನು ಅವರು ಮುಖಾಮುಖಿ ಕಂಡದ್ದು ಅದೇ ಮೊದಲು. ದನಿಯಿಂದಲೇ ಗುರುತಾಯಿತು. ಬೋರಮ್ಮ ಅವರ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದರು. "ನೀನ್ ಕೇಳಿದ್ದೂ ಸುಳ್ಳಲ್ಲ, ನಾನ್ ಹೇಳಿದ್ದೂ ಸುಳ್ಳಲ್ಲ. ಎಲ್ಲೋಯ್ತವ್ವಾ ಹಂಗಾರೆ ನಿಜ?"

ಅಲ್ಲಿಂದ ಬಸ್ಸಿನಲ್ಲಿ ವಾಪಸು ಬರುವಾಗ ಹುಟ್ಟಿದ್ದು ಎರಡನೇ ಪ್ರಶ್ನೆ. ಒಲೆ ಮುಂದೆ ಯಾರಿದ್ದೀರಿ? ನೀರು ಕಾಯ್ತಾ ಎಂಬುದಕ್ಕೆ ಎಲ್ಲಿಂದ ಬೇಕಾದರೂ ಹೂಂ ಅನ್ನಬಹುದು. ಒಲೆ ಮುಂದೆ ಯಾರಿದ್ದಾರೆ ಎನ್ನುವುದಕ್ಕೆ ಒಲೆಯ ಕಡೆ ತಿರುಗಿ ನೋಡಲೇಬೇಕು. ಅಷ್ಟಕ್ಕೇ ಬಿಡದೆ, ಮನೆಗೊಂದು ಎರಡನೇ ನಂಬರ್ ಬೇಕೆಂದು ಏಳು ತಿಂಗಳು ಕೂತು ಇನ್ನೂರ ಎಂಬತ್ತೆಂಟು ಮನೆಗಳ ಅಕ್ಕಪಕ್ಕದವರ ನಂಬರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇದನ್ನು ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಯಾರೂ ಎಣಿಸದ ಇನ್ನೊಂದು ಸಂಗತಿ ನಡೆಯಿತು. ಬೋರಮ್ಮ ಊರು ಬಿಡುವಾಗಲೆಲ್ಲ ಸುಮಯ್ಯನಿಗೆ ತಾವೇ ಫೋನ್ ಮಾಡತೊಡಗಿದರು. "ಸಂಪಿಗೆ ದೇವಸ್ಥಾನಕ್ಕೆ ಹೋಯ್ತಾ ಇವ್ನಿ ಕಣವ್ವ. ನಾಳೆ ಬತ್ತೀನಿ. ಮನೇಲಿ ಇವ್ರೊಬ್ರೇ ಅವ್ರೆ, ನೋಡ್ಕೊ." ಇದು ಹೇಗೋ ಬಾಯಿಂದ ಬಾಯಿಗೆ ಹೋಗಿ, ಈಗ ಮೂವತ್ತು ನಲವತ್ತು ಹೆಂಗಸರು ಮದುವೆಗೋ ಆಸ್ಪತ್ರೆಗೋ ಹೊರಡುವ ಮುಂಚೆ ಸುಮಯ್ಯನಿಗೆ ಹೇಳಿ ಹೋಗುತ್ತಾರೆ. ಗಂಡನಿಗೆ ಹೇಳದೆ ಹೋದವರೂ ಇವರಿಗೆ ಹೇಳಿದ್ದಾರೆ ಎಂದು ದಯಾನಂದ್ ರೇಗಿಸುತ್ತಾರೆ.

ಇಷ್ಟೆಲ್ಲ ಆದರೂ ವರದಿಯ ಭಾಷೆಯಲ್ಲಿ ಈ ಕೇಂದ್ರದ ಸಾಧನೆ ಒಂದೇ ಸಾಲು. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಕರೆಗಳು ಅನಗತ್ಯ. ಕೇಂದ್ರದ ಉಸ್ತುವಾರಿ ಎಂಜಿನಿಯರ್ ಮೋಹನ್ ಕುಮಾರ್ ಕೆಟ್ಟವರಲ್ಲ. ಆ ತೊಂಬತ್ತೊಂಬತ್ತಕ್ಕೆ ಮೇಲಿನವರಿಗೆ ತಿಂಗಳು ತಿಂಗಳು ಉತ್ತರ ಕೊಟ್ಟು ಅವರೂ ಸುಸ್ತಾಗಿದ್ದಾರೆ. ಹೋದ ತಿಂಗಳು ಆದೇಶ ಬಂತು. ಬರುವ ಒಂದನೇ ತಾರೀಖಿನಿಂದ ಬೆಳಗಿನ ಕರೆಗಳನ್ನು ಯಂತ್ರವೇ ಮಾಡಲಿದೆ. ರೆಕಾರ್ಡ್ ಮಾಡಿದ ದನಿ ಕೇಳುತ್ತದೆ, ಬೆಂಕಿ ಇದ್ದರೆ ಒಂದನ್ನು ಒತ್ತಬೇಕು, ಇಲ್ಲದಿದ್ದರೆ ಫೋನ್ ಇಡಬೇಕು.

ಒಂದು ವಾರ ಪರೀಕ್ಷೆ ಮಾಡಿ ನೋಡಿದರು. ವಾರ್ತೆ ಓದುವಂಥ ಗಂಡಸಿನ ದನಿ. ನಾನೂರ ಹನ್ನೆರಡು ಕರೆಗಳಲ್ಲಿ ಮುಕ್ಕಾಲು ಪಾಲು ಜನ ಲೋನ್ ಕೊಡುವವರೆಂದು ತಿಳಿದು ಅರ್ಧಕ್ಕೇ ಕತ್ತರಿಸಿದರು. ಚಿಕ್ಕಗೌರಮ್ಮ ಪೂರ್ತಿ ಕೇಳಿಸಿಕೊಂಡು, "ಆಯಮ್ಮ ಎಲ್ಲಪ್ಪಾ? ಹುಷಾರಿಲ್ವಾ? ಅವಳಿಗೆ ಫೋನ್ ಕೊಡು" ಎಂದು ಯಂತ್ರದ ಜೊತೆ ಎರಡು ನಿಮಿಷ ಜಗಳವಾಡಿದ್ದು ದಾಖಲಾಗಿದೆ. ಆ ದಾಖಲೆ ಕೇಳಿದ ಮೇಲೆ ಮೋಹನ್ ಕುಮಾರ್ ಅವರಿಗೆ ಉಪಾಯ ಹೊಳೆಯಿತು. ದನಿ ಸುಮಯ್ಯನದೇ ಆದರೆ? ಜನಕ್ಕೆ ಪರಿಚಯದ ದನಿ, ಪರಿಚಯದ ಪ್ರಶ್ನೆ. ಒಂದು ಸಲ ರೆಕಾರ್ಡ್ ಮಾಡಿಕೊಟ್ಟರೆ ಸಾಕು. ಸುಮಯ್ಯನಿಗೆ ಹಗಲು ಹೊತ್ತಿನ ಬೇರೆ ಕೆಲಸ ನೋಡೋಣ ಎಂದರು. ಒಪ್ಪದಿದ್ದರೆ ಏನು ಎಂಬುದನ್ನು ಅವರು ಹೇಳಲಿಲ್ಲ, ಹೇಳದೆಯೇ ಗೊತ್ತಾಗುವಂತಿತ್ತು.

ಸುಮಯ್ಯನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಮೂರು ವರ್ಷದಿಂದ ಅವರು ನಾಲ್ಕು ಗಂಟೆಯ ಆಚೆ ಮಲಗಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಸೂಜಿ ಹಿಡಿದೇ ತೂಕಡಿಸುತ್ತಾರೆ. ಗಂಟಲು ಆಗಾಗ ಕಟ್ಟಿಕೊಳ್ಳುತ್ತದೆ, ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. "ಮಾತೇ ನನ್ನ ಕೆಲಸ ಡಾಕ್ಟ್ರೇ ಅಂದೆ. ಹಂಗಾದ್ರೆ ಕೆಲಸ ಬಿಡಿ ಅಂದ್ರು." ಅತ್ತೆ ಮೆಹಬೂಬ್ ಬೀ ಅವರಂತೂ ಸೊಸೆ ನಿದ್ದೆಗಣ್ಣಿನಲ್ಲಿ "ನೀರು ಕಾಯ್ತಾ" ಎಂದು ಗೊಣಗುವುದನ್ನು ಕೇಳಿ, ದನಿ ಕೊಟ್ಟು ಕೈ ತೊಳೆದುಕೋ ಎಂದು ಹಟ ಹಿಡಿದರು. ಇನಾಯತುಲ್ಲಾ ಮಾತ್ರ ನಿನಗೆ ಹೇಗೆ ಸರಿಯೋ ಹಾಗೆ ಎಂದರು. ಅದು ಇನ್ನೂ ಭಾರವಾಯಿತು.

ಕಳೆದ ಸೋಮವಾರ ಮೈಕು ಬಂತು. ಸುಮಯ್ಯ ಬಿಸಿನೀರು ಕುಡಿದು ಗಂಟಲು ಸರಿ ಮಾಡಿಕೊಂಡು, ಎಂದಿನಂತೆಯೇ ಕೇಳಿದರು. ನೀರು ಕಾಯ್ತಾ? ಮೊದಲ ಸಲಕ್ಕೇ ಚೆನ್ನಾಗಿ ಬಂತು. ಮೋಹನ್ ಕುಮಾರ್ ಅದಕ್ಕೆ ಉಳಿದ ಮಾತು ಜೋಡಿಸಿ, ಸುಮಯ್ಯನ ಫೋನಿಗೇ ಒಂದು ಕರೆ ಕಳಿಸಿ ಕೇಳಿಸಿದರು. ಫೋನ್ ಕಿವಿಗಿಟ್ಟುಕೊಂಡ ಸುಮಯ್ಯನಿಗೆ ತಮ್ಮದೇ ದನಿ ಕೇಳಿಸಿತು. ಅವರು ಸ್ಪೀಕರ್ ಹಾಕಿದರು. ಎಲ್ಲರಿಗೂ ಕೇಳುವಂತೆ, ಬೋರಮ್ಮನ ಹಾಗೆ, ಉತ್ತರ ಕೊಟ್ಟರು.

"ಇಲ್ಲ ಕಣವ್ವ, ಅಟ್ಟಕ್ಕೆ ಬೆಂಕಿ ಬಿದ್ದೈತೆ. ಇವ್ರು ಒಳಗವ್ರೆ. ಯಾರನ್ನಾದ್ರೂ ಕಳಿಸವ್ವಾ!"

ಫೋನಿನೊಳಗಿನ ದನಿ ಎರಡು ಕ್ಷಣ ಸುಮ್ಮನಿತ್ತು. ಆಮೇಲೆ ಬೆಂಕಿ ಇದ್ದರೆ ಒಂದನ್ನು ಒತ್ತಿ ಎಂದಿತು. ಇನ್ನೊಂದು ಸಲ ಅದನ್ನೇ ಹೇಳಿತು. ಕೊನೆಗೆ ಧನ್ಯವಾದ ಹೇಳಿ ಇಟ್ಟುಬಿಟ್ಟಿತು. ಪರದೆಯ ಮೇಲೆ ಪರೀಕ್ಷೆಗೆಂದು ಹಚ್ಚಿದ್ದ ಕೆಂಪು ಚುಕ್ಕೆ ಹಸಿರಾಯಿತು.

ಸುಮಯ್ಯ ಮೈಕನ್ನು ಮೋಹನ್ ಕುಮಾರ್ ಕಡೆಗೆ ಸರಿಸಿದರು. "ಬೇರೆಯೋರ ದನಿ ಆದ್ರೆ ಮಿಷನ್ ಅಂತ ಗೊತ್ತಾಗುತ್ತೆ ಸರ್, ಇಟ್ಬುಟ್ಟು ಪಕ್ಕದ ಮನೆಗಾದ್ರೂ ಓಡ್ತಾರೆ. ನನ್ನ ದನಿ ಕೇಳಿದ್ರೆ ನಾನಿದ್ದೀನಿ ಅಂದ್ಕೋತಾರೆ. ನನಗೆ ಹೇಳಾಯ್ತು, ಇನ್ನು ಬಂಡಿ ಬತ್ತದೆ ಅಂತ ಕಾಯ್ತಾ ನಿಂತಿರ್ತಾರೆ. ಅಳಿಸ್ಬುಡಿ ಸರ್."

"ಯೋಚ್ನೆ ಮಾಡಿ ಮೇಡಂ. ಮೇಲಿನವರು ಒಪ್ಪದಿದ್ರೆ ನನ್ನ ಕೈಲೇನೂ ಇಲ್ಲ" ಎಂದರು ಮೋಹನ್ ಕುಮಾರ್.

"ಯೋಚ್ನೆ ಮಾಡಿ ಮಾಡೇ ನಿದ್ದೆ ಕೆಟ್ಟಿದೆ. ಒಂದ್ಸಲ ಒಂಬತ್ತೇ ಸೆಕೆಂಡು ಕೇಳಿಸ್ಕೊಂಡಿದ್ದಕ್ಕೆ ಒಬ್ರ ಕೈ ಹೋಯ್ತು. ಕೇಳಿಸ್ಕೊಳ್ಳೋರೇ ಇಲ್ಲ ಅಂದ್ರೆ ನನ್ನ ದನಿ ಅಲ್ಲಿರ್ಬಾರ್ದು."

ಮೋಹನ್ ಕುಮಾರ್ ಅವರ ಎದುರಿಗೇ ಅದನ್ನು ಅಳಿಸಿದರು. ನಡೆದದ್ದನ್ನೆಲ್ಲ ಬರೆದು, ಒಲೆ ಹೊತ್ತಿನ ಕರೆಗಳಿಗೆ ಮನುಷ್ಯರೇ ಬೇಕೆಂದು ಮೇಲಕ್ಕೆ ಪತ್ರ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಒಂದನೇ ತಾರೀಖಿಗೆ ಇನ್ನು ಹನ್ನೊಂದು ದಿನವಿದೆ. ಆಮೇಲೆ ಈ ಕುರ್ಚಿಯಲ್ಲಿ ಸುಮಯ್ಯ ಇರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವರು ನೋಟ್‌ಬುಕ್ಕಿನ ಎರಡನೇ ನಂಬರುಗಳನ್ನೆಲ್ಲ ಇನ್ನೊಂದು ನೋಟ್‌ಬುಕ್ಕಿಗೆ ನಕಲು ಮಾಡುತ್ತಿದ್ದಾರೆ. ಬಂದವರಿಗೆ ಬೇಕಾಗುತ್ತದೆ ಎನ್ನುತ್ತಾರೆ.

ಏಳು ಗಂಟೆಯಾಗುತ್ತ ಬಂದಿದೆ. ಪರದೆ ಬಹುಪಾಲು ಹಸಿರಾಗಿದೆ. ತಾರಸಿಯಿಂದ ಇಳಿದು ಬಂದ ದಯಾನಂದ್ ಎರಡು ಲೋಟ ಟೀ ತಂದಿಟ್ಟಿದ್ದಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಸುಮಯ್ಯ ಹೆಡ್‌ಫೋನನ್ನು ಕತ್ತಿಗಿಳಿಸಿಕೊಳ್ಳುತ್ತಾರೆ. ಇಷ್ಟು ಹೊತ್ತು ಯಾರೂ ಅವರಿಗೆ ಪ್ರಶ್ನೆ ಕೇಳಿರಲಿಲ್ಲವೇನೋ ಎನಿಸುತ್ತದೆ.

"ದೊಡ್ಡದೇನಿಲ್ಲ. ಒಂದಿನ ನಾನು ಏಳೋ ಹೊತ್ಗೆ ನಮ್ಮನೇಲೂ ನೀರು ಕಾಯ್ದಿರ್ಬೇಕು. ಮೂರು ವರ್ಷ ಆಯ್ತು ಬೆಳಗ್ಗೆ ಬಿಸಿನೀರು ಮೈಮೇಲೆ ಬಿದ್ದು. ಊರಿನೋರದ್ದೆಲ್ಲ ಕಾಯ್ತಾ ಅಂತ ಕೇಳ್ತೀನಿ, ನನ್ನದೇ ಕಾಯ್ಸೋಕಾಗಿಲ್ಲ" ಎಂದು ಹೇಳಿ ಟೀ ಲೋಟವನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಳ್ಳುತ್ತಾರೆ.

ಒಂದು ಗುಟುಕು ಇಳಿಯುವಷ್ಟರಲ್ಲಿ ಮಾರಗೊಂಡನಪಾಳ್ಯದ ಚುಕ್ಕೆ ಕೆಂಪಾಗುತ್ತದೆ. ಲೋಟ ಕೆಳಗಿಟ್ಟು ಸುಮಯ್ಯ ಫೋನ್ ಹಚ್ಚುತ್ತಾರೆ. ಪರೀಕ್ಷೆಯ ವಾರ ಕಳೆದ ಮೇಲೆ ಹಳ್ಳಿಗಳಲ್ಲಿ ಹೊಸದೊಂದು ಅಭ್ಯಾಸ ಶುರುವಾಗಿದೆ. ಉತ್ತರ ಕೊಡುವ ಮುಂಚೆ ಹಳ್ಳಿಯವರೇ ಒಂದು ಪ್ರಶ್ನೆ ಕೇಳುತ್ತಾರೆ.

"ಬೋರಮ್ಮಾರೇ, ನೀರು ಕಾಯ್ತಾ?"

"ನೀನೇನವ್ವಾ, ಇಲ್ಲ ಮಿಷನ್ನಾ?"

ಸುಮಯ್ಯ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

"ನಾನೇ ಕಣಮ್ಮ, ನಾನೇ ಇದ್ದೀನಿ. ಹೇಳಿ, ಒಲೆ ಮುಂದೆ ಯಾರಿದ್ದೀರಿ?"